ದೇಹದೊಳಗಿನ ದುಡಿಮೆ ಮತ್ತು ಕರ್ತೃತ್ವದ ಪ್ರಶ್ನೆ

ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆಯೆಂದೂ, ಅವುಗಳ ಪೈಕಿ ಸುಮಾರು 33,000 ಕೋಟಿ ಕೋಶಗಳು ಒಂದೇ ದಿನದಲ್ಲಿ ಅಳಿದು ಹೆಚ್ಚುಕಡಿಮೆ ಅಷ್ಟೇ ಹೊಸ ಕೋಶಗಳು ಅವುಗಳ ಜಾಗವನ್ನು ತುಂಬುತ್ತವೆಯೆಂದೂ ಇಂದಿನ ಜೀವವಿಜ್ಞಾನ ಅಂದಾಜು ಮಾಡಿದೆ. ಈ ಹುಟ್ಟುಸಾವುಗಳಲ್ಲಿ ಒಂದಾದರೂ ದೇಹದ ಒಡೆಯನೆನಿಸಿಕೊಂಡವನ ಅಪ್ಪಣೆಗೆ ಕಾಯುವುದಿಲ್ಲ. ಅವನು ನಿದ್ರಿಸುತ್ತಿರಲಿ, ಜಗಳವಾಡುತ್ತಿರಲಿ, ಜಪಕ್ಕೆ ಕುಳಿತಿರಲಿ, ಕೆಲಸ ಅದರ ಪಾಡಿಗೆ ನಡೆದಿರುತ್ತದೆ. ಹೀಗಿರುವಾಗ ಉಂಡವನು, ಉಸಿರಾಡಿದವನು, ದುಡಿದವನು ನಾನೇ ಎಂದು ಹೇಳಿಕೊಳ್ಳುವ ಜೀವನು ನಿಜವಾಗಿ ಯಾವ ಕೆಲಸಕ್ಕೆ ಕರ್ತೃ, ಯಾವುದಕ್ಕೆ ಅಲ್ಲ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಹಳೆಯದು. ಕನ್ನಡದಲ್ಲಿ ಅದನ್ನು ಅನ್ನ, ಉಸಿರು, ನಾಡಿಗಳ ಮಟ್ಟಕ್ಕೆ ಇಳಿದು, ಜನಸಾಮಾನ್ಯರ ಬಾಯಲ್ಲಿ ನಿಲ್ಲುವಂತೆ ಕೇಳಿದವರು ತುಂಗಭದ್ರೆಯ ಎರಡೂ ದಡಗಳ ಹರಿದಾಸರು.

ಆದವಾನಿ, ಎಮ್ಮಿಗನೂರು, ನಂದವರಂ, ಮಂತ್ರಾಲಯ, ಆಲೂರುಗಳನ್ನು ಒಳಗೊಂಡ ಕರ್ನೂಲು ಜಿಲ್ಲೆಯ ಪಶ್ಚಿಮದ ಅಂಚು ಈ ವಿಚಾರದ ತವರುಗಳಲ್ಲೊಂದು. (ಚೌಡೇಶ್ವರಿಯ ಕ್ಷೇತ್ರವೆಂದು ಹೆಸರಾದ, ಬನಗಾನಪಲ್ಲೆಯ ಬಳಿಯ ನಂದವರಂ ಬೇರೆ, ಇಲ್ಲಿ ಹೇಳುತ್ತಿರುವುದು ಮಂತ್ರಾಲಯದ ನೆರೆಯ ನಂದವರಂ.) ಆದವಾನಿ ಮತ್ತು ಆಲೂರು ತಾಲೂಕುಗಳು 1953ರಲ್ಲಿ ಆಂಧ್ರ ರಾಜ್ಯ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಆಡಳಿತದ ಗೆರೆ ಸರಿದರೂ ಕನ್ನಡ ಅಲ್ಲಿಂದ ಸರಿಯಲಿಲ್ಲ. ಆಗ ಮಂಚಾಲೆಯೆಂದು ಕರೆಯಲ್ಪಡುತ್ತಿದ್ದ ಮಂತ್ರಾಲಯದಲ್ಲಿ 1671ರಲ್ಲಿ ಬೃಂದಾವನ ಪ್ರವೇಶ ಮಾಡಿದ ರಾಘವೇಂದ್ರಸ್ವಾಮಿಗಳು ಭಕ್ತರ ಕಣ್ಣಿಗೆ ಬೇಡಿದ್ದನ್ನು ಕೊಡುವ ಗುರುಗಳಾಗಿಯೇ ಹೆಚ್ಚು ಪರಿಚಿತರು. ಆದರೆ ಅವರು ಉಪನಿಷತ್ತುಗಳಿಗೆ ಖಂಡಾರ್ಥಗಳನ್ನೂ, ಬ್ರಹ್ಮಸೂತ್ರಗಳಿಗೆ 'ತಂತ್ರದೀಪಿಕೆ'ಯನ್ನೂ, ಗೀತೆಗೆ ವಿವೃತಿಯನ್ನೂ ಬರೆದ ವಿದ್ವಾಂಸರೆಂಬುದನ್ನು ಇಲ್ಲಿ ಮುಖ್ಯವಾಗಿ ನೆನೆಯಬೇಕು. ಹರಿದಾಸ ಪರಂಪರೆಯ ವಿಜಯದಾಸರು 1755ರಲ್ಲಿ ದೇಹ ಬಿಟ್ಟದ್ದು ಇದೇ ಸೀಮೆಯ ಚಿಪ್ಪಗಿರಿಯಲ್ಲಿ. ಅವರ ಪರಂಪರೆಗೆ ಸೇರಿ 'ಹರಿಕಥಾಮೃತಸಾರ'ವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಜಗನ್ನಾಥದಾಸರು (1728–1809) ನದಿಯ ಆಚೆ ದಡದ ಮಾನ್ವಿಯವರು.

ಈ ಪರಂಪರೆಯ ಮೂಲಭೂತ ನಿಲುವು ಮಧ್ವಾಚಾರ್ಯರದು. ಇರುವುದೆಲ್ಲವನ್ನೂ ಅವರು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದರು: ವಿಷ್ಣುವೊಬ್ಬನೇ ಸ್ವತಂತ್ರ, ಉಳಿದ ಚೇತನ ಮತ್ತು ಜಡಗಳೆಲ್ಲ ಅಸ್ವತಂತ್ರ. ಹಾಗೆಂದು ಜೀವನು ಏನನ್ನೂ ಮಾಡುವುದಿಲ್ಲವೆಂದು ಅವರು ಹೇಳಲಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಬರುವ ಕರ್ತೃತ್ವದ ವಿಚಾರವನ್ನು ವಿವರಿಸುವಾಗ, ಜೀವನ ಕರ್ತೃತ್ವ ಭ್ರಮೆಯಲ್ಲ, ಭ್ರಮೆಯಾಗಿದ್ದರೆ ಇದನ್ನು ಮಾಡು, ಇದನ್ನು ಬಿಡು ಎನ್ನುವ ಶಾಸ್ತ್ರವೇ ವ್ಯರ್ಥವಾಗುತ್ತಿತ್ತು ಎಂಬ ವಾದವನ್ನು ಈ ಸಂಪ್ರದಾಯ ಗಟ್ಟಿಯಾಗಿ ಹಿಡಿಯುತ್ತದೆ. ಜೊತೆಗೆ ಆ ಕರ್ತೃತ್ವ ಪರಾಧೀನವಾದದ್ದು, ಅಂದರೆ ಬೇರೊಬ್ಬನಿಂದ ಕ್ಷಣಕ್ಷಣಕ್ಕೂ ಪಡೆದು ನಡೆಯುವಂಥದ್ದು ಎಂದೂ ಹೇಳುತ್ತದೆ. ಭಗವಂತನಿಗೂ ಜೀವನಿಗೂ ನಡುವೆ ತತ್ತ್ವಾಭಿಮಾನಿ ದೇವತೆಗಳಿದ್ದಾರೆ: ಕಣ್ಣಿಗೆ ಸೂರ್ಯ, ಮಾತಿಗೆ ಅಗ್ನಿ, ನಾಲಗೆಗೆ ವರುಣ, ಮೂಗಿಗೆ ಅಶ್ವಿನಿಗಳು ಎಂಬಂತೆ ದೇಹದ ಒಂದೊಂದು ಕರಣದಲ್ಲಿ ನಿಂತು ಅದನ್ನು ನಡೆಸುವವರು. ಅವರೆಲ್ಲರ ಮೇಲೆ ಮುಖ್ಯಪ್ರಾಣನಾದ ವಾಯು; ಅವನೊಳಗೂ ಇದ್ದು ನಡೆಸುವವನು ಹರಿ.

ಇಂಥ ಸಿದ್ಧಾಂತವನ್ನು ಗ್ರಂಥದ ಮಾತಿನಲ್ಲಷ್ಟೇ ಇಟ್ಟು ನೋಡಿದರೆ ಅದರ ಭಾರ ತಿಳಿಯುವುದಿಲ್ಲ. ನಂದವರಂ ಸುತ್ತಿನ ಎರೆಹೊಲವೊಂದರಲ್ಲಿ ಹತ್ತಿ ಬಿಡಿಸುವ ಹೆಂಗಸಿನ ಕೈಯನ್ನು ಗಮನಿಸಬಹುದು. ಒಡೆದ ಕಾಯಿಯ ಬಿಳುಪು ಕಣ್ಣಿಗೆ ಬೀಳುವುದೆಂದರೆ ಅಕ್ಷಿಪಟಲದ ಕೋಶಗಳ ಮೇಲೆ ಬೆಳಕು ಬಿದ್ದು, ಕತ್ತಲಲ್ಲಿ ಅವು ಎಡೆಬಿಡದೆ ಸುರಿಸುತ್ತಿದ್ದ ರಾಸಾಯನಿಕ ಸಂದೇಶ ತಗ್ಗುವುದು. ಆ ತಗ್ಗುವಿಕೆಯನ್ನೇ ಮುಂದಿನ ನರಕೋಶಗಳು ಬೆಳಕೆಂದು ಓದುತ್ತವೆ. ಕೈ ಮುಂದೆ ಚಾಚಿ ಬೆರಳು ಮಡಚಿದಾಗ ಬೆರಳನ್ನು ಎಳೆಯುವುದು ಬಹುಪಾಲು ಮುಂಗೈಯ ಸ್ನಾಯುಗಳು. ಅವುಗಳ ಕೋಶಗಳಲ್ಲಿ ಕ್ಯಾಲ್ಸಿಯಂ ಬಿಡುಗಡೆಯಾಗಿ, ಪ್ರೋಟೀನಿನ ಎಳೆಗಳು ಒಂದರ ಮೇಲೊಂದು ಜಾರಿ, ಎಟಿಪಿ ಎಂಬ ಶಕ್ತಿಯ ಅಣು ಖರ್ಚಾಗುತ್ತದೆ. ಹೀಗೆ ಖರ್ಚಾಗಿ ಮತ್ತೆ ತಯಾರಾಗುವ ಎಟಿಪಿಯ ಒಟ್ಟು ತೂಕ ದಿನವೊಂದಕ್ಕೆ ಸುಮಾರಾಗಿ ದೇಹದ ತೂಕಕ್ಕೇ ಸಮೀಪವಾಗುತ್ತದೆ.

ಬಿಸಿಲೇರಿದಂತೆ ಚರ್ಮದಲ್ಲಿರುವ 20ರಿಂದ 40 ಲಕ್ಷ ಬೆವರಿನ ಗ್ರಂಥಿಗಳು ಕೆಲಸಕ್ಕೆ ತೊಡಗುತ್ತವೆ. ನೀರು ಹೋದಷ್ಟೂ ರಕ್ತ ಗಾಢವಾಗುತ್ತದೆ. ನೂರಕ್ಕೆ ಒಂದೆರಡು ಪಾಲಿನಷ್ಟು ವ್ಯತ್ಯಾಸವಾದರೂ ಮಿದುಳಿನ ಬುಡದ ಕೆಲವು ಕೋಶಗಳು ಅದನ್ನು ಅರಿತು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಮೂತ್ರಪಿಂಡವನ್ನು ತಲುಪಿದಾಗ ಅಲ್ಲಿನ ನಾಳಗಳ ಕೋಶಗಳು ತಮ್ಮೊಳಗೆ ಕೂಡಿಟ್ಟುಕೊಂಡಿದ್ದ ನೀರಿನ ಕಿಂಡಿಗಳನ್ನು ಹೊರಪೊರೆಗೆ ತಂದು ಜೋಡಿಸುತ್ತವೆ, ಹೊರಹೋಗಬೇಕಾಗಿದ್ದ ನೀರು ಅವುಗಳ ಮೂಲಕ ದೇಹಕ್ಕೆ ಮರಳುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುವ ಮೂತ್ರಪಿಂಡಗಳು ಒಂದೆರಡು ಲೀಟರನ್ನು ಮಾತ್ರ ಹೊರಕ್ಕೆ ಬಿಡುವುದು ಇಂಥ ಕೆಲಸದಿಂದಲೇ. ಈ ನಡುವೆ ಒಣಗಿದ ಹತ್ತಿಕಾಯಿಯ ಚೂಪು ತುದಿ ಬೆರಳನ್ನು ಗೀರಿದರೆ, ಎಂಟು ಹತ್ತು ದಿನ ಮಾತ್ರ ಬಾಳುವ ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್‌ಗಳು) ಕ್ಷಣಾರ್ಧದಲ್ಲಿ ಗಾಯಕ್ಕೆ ಅಂಟಿಕೊಳ್ಳುತ್ತವೆ. ಹಿಂದೆಯೇ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಯ ಸಂದುಗಳಲ್ಲಿ ತೂರಿ ಹೊರಬಂದು ಒಳನುಗ್ಗಿದ ಸೂಕ್ಷ್ಮಜೀವಿಗಳನ್ನು ನುಂಗುತ್ತವೆ. ಇಷ್ಟರಲ್ಲಿ ಆ ಹೆಂಗಸಿನ ಅರಿವಿಗೆ ಬಂದದ್ದು ಹತ್ತಿ, ಉರಿ, ಬಾಯಾರಿಕೆ ಇವು ಮೂರೇ.

ಹಾಗಾದರೆ ಹತ್ತಿ ಬಿಡಿಸಿದವರು ಯಾರು? ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮಕ್ಕೆ ಐದು ಕಾರಣಗಳನ್ನು ಹೇಳುತ್ತದೆ: ಆಶ್ರಯವಾದ ದೇಹ, ಕರ್ತೃ, ಕರಣಗಳು, ಅವುಗಳ ನಾನಾ ಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಕೋಶಗಳ ಕೆಲಸವನ್ನು ಈ ಐದರಲ್ಲಿ ಇರಿಸಬೇಕೆಂದರೆ ಅವು ದೇಹದಲ್ಲಿ, ಕರಣದಲ್ಲಿ, ಚೇಷ್ಟೆಯಲ್ಲಿ ಬರುತ್ತವೆಯೇ ಹೊರತು ಕರ್ತೃವಿನ ಸ್ಥಾನಕ್ಕೆ ಬರುವುದಿಲ್ಲ. ಹೊಲಕ್ಕೆ ಬರಬೇಕೆಂದು ಎಣಿಸಿದವಳು, ಬಿಸಿಲಿನಲ್ಲೂ ಸಾಲು ಬಿಡದೆ ಮುಂದುವರಿದವಳು ಆ ಹೆಂಗಸೇ, ಕೂಲಿ ಅವಳದೇ. ಕರ್ತೃತ್ವ ಪರಾಧೀನವೆಂಬ ತತ್ತ್ವವನ್ನು ಹೊಲದ ಯಜಮಾನನು ಅವಳ ಕೂಲಿಯ ಲೆಕ್ಕಕ್ಕೆ ತಂದರೆ ಅದು ತತ್ತ್ವದ ದ್ರೋಹ. ಮಾಡಿದ್ದು ನನ್ನದಲ್ಲ ಎಂಬ ಮಾತಿಗೆ ಅರ್ಥವಿರುವುದು ಮಾಡಿದವರೇ ಅದನ್ನು ತಮ್ಮ ಕೆಲಸದ ಬಗ್ಗೆ ಆಡಿದಾಗ. ಇನ್ನೊಬ್ಬರ ದುಡಿಮೆಯನ್ನೋ ನೋವನ್ನೋ ತೋರಿಸಿ ಆಡಿದೊಡನೆ ಅದು ಸುಳ್ಳಾಗುತ್ತದೆ. ಶಾಸ್ತ್ರವು ಜೀವನ ಕರ್ತೃತ್ವವನ್ನು ಉಳಿಸಿಕೊಂಡದ್ದು ಇಂಥ ಅನ್ಯಾಯಕ್ಕೆ ಎಡೆಯಾಗದಿರಲೆಂದೂ ಹೌದೆಂದು ಓದಬಹುದಾಗಿದೆ.

ಕೋಶಗಳ ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಧ್ಯಾನಿಸಬೇಕಾದದ್ದು ಬಹುಶಃ ಕೆಂಪು ರಕ್ತಕಣದ ಬಾಳು. ಮೂಳೆಯೊಳಗಿನ ಮಜ್ಜೆಯಲ್ಲಿ ಸೆಕೆಂಡಿಗೆ 20 ಲಕ್ಷಕ್ಕೂ ಮಿಕ್ಕಿ ಹುಟ್ಟುವ ಈ ಕಣಗಳು ಮಜ್ಜೆಯಲ್ಲೇ ತಮ್ಮ ಕೋಶಕೇಂದ್ರವನ್ನು, ಅಂದರೆ ವಂಶವಾಹಿ ಬರಹವನ್ನೆಲ್ಲ ಹೊತ್ತ ಭಾಗವನ್ನು, ಹೊರಕ್ಕೆ ತಳ್ಳಿಬಿಡುತ್ತವೆ. ಉಸಿರಿನ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಎಂಬ ಅಂಗಗಳನ್ನೂ ಬಿಟ್ಟುಕೊಡುತ್ತವೆ. ಹೀಗಾಗಿ ಶ್ವಾಸಕೋಶದಿಂದ ದೇಹದ ಮೂಲೆಮೂಲೆಗೆ ಆಮ್ಲಜನಕವನ್ನು ಹೊರುವ ಕಣ ತಾನು ಅದನ್ನು ಎಳ್ಳಷ್ಟೂ ಬಳಸಿಕೊಳ್ಳಲಾರದು. ಸಕ್ಕರೆಯನ್ನು ಆಮ್ಲಜನಕವಿಲ್ಲದೆಯೇ ಒಡೆದು ಬದುಕುತ್ತದೆ. ತನ್ನನ್ನು ಸರಿಪಡಿಸಿಕೊಳ್ಳುವ ದಾರಿಯಿಲ್ಲದ ಅದು ತನಗಿಂತ ಕಿರಿದಾದ ನಾಳಗಳಲ್ಲಿ ಮೈ ಮಡಚಿ ನುಸುಳುತ್ತ ಸುಮಾರು 120 ದಿನ ತಿರುಗಿ ಸವೆಯುತ್ತದೆ. ಸವೆದ ಕಣವನ್ನು ಗುಲ್ಮ ಮತ್ತು ಯಕೃತ್ತಿನ ಭಕ್ಷಕ ಕೋಶಗಳು ಗುರುತಿಸಿ ನುಂಗಿ, ಅದರೊಳಗಿನ ಕಬ್ಬಿಣವನ್ನು ಮಜ್ಜೆಗೆ ಮರಳಿಸುತ್ತವೆ. ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಹೀಗೆ ಹಳೆಯ ರಕ್ತದಿಂದ ಹೊಸ ರಕ್ತಕ್ಕೆ ಸಲ್ಲುತ್ತದೆ. ಊಟದಿಂದ ದೇಹ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ.

ಕೋಶಗಳಲ್ಲಿ ಹಲವು ಸವೆದು ಸಾಯುವುದಿಲ್ಲ, ಸಾಯುವ ಕ್ರಮವನ್ನು ತಮ್ಮೊಳಗೇ ಹೊತ್ತಿರುತ್ತವೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು ಅಪೊಪ್ಟೋಸಿಸ್ ಎಂದು ಹೆಸರಿಟ್ಟ ಈ ಕ್ರಮದಲ್ಲಿ ಕೋಶವು ತನ್ನನ್ನು ತಾನೇ ಒಳಗಿನಿಂದ ಕಳಚಿಕೊಂಡು, ನೆರೆಯ ಕೋಶಗಳಿಗೆ ಉರಿಯೂತವಾಗದಂತೆ ಚಿಕ್ಕ ತುಣುಕುಗಳಾಗಿ ಮುಗಿಯುತ್ತದೆ. ಗರ್ಭದ ಮಗುವಿನ ಬೆರಳುಗಳು ಒಂದಕ್ಕೊಂದು ಬಿಡಿಯಾಗುವುದು ಅವುಗಳ ನಡುವಿನ ಕೋಶಗಳು ಹೀಗೆ ಸತ್ತು ಜಾಗ ಬಿಡುವುದರಿಂದ. ಋಗ್ವೇದಕ್ಕೆ ಸೇರಿದ ಐತರೇಯೋಪನಿಷತ್ತಿನಲ್ಲಿ ದೇವತೆಗಳು ನೆಲೆ ಬೇಡಿದಾಗ ಹಸುವನ್ನೂ ಕುದುರೆಯನ್ನೂ ಒಲ್ಲದೆ ಮನುಷ್ಯರೂಪವನ್ನು ಒಪ್ಪಿ, ಅಗ್ನಿ ಬಾಯಿಗೆ, ವಾಯು ಮೂಗಿಗೆ, ಆದಿತ್ಯ ಕಣ್ಣಿಗೆ ಪ್ರವೇಶಿಸಿದ ಕಥೆ ಬರುತ್ತದೆ. ಆ ಸಾಲಿನಲ್ಲಿ ಮೃತ್ಯುವೂ ಇದ್ದಾನೆ. ಅವನು ಅಪಾನವಾಗಿ ನಾಭಿಯನ್ನು ಹೊಗುತ್ತಾನೆ. ಹಸಿವು ಬಾಯಾರಿಕೆಗಳು ನಮಗೂ ಜಾಗ ಬೇಕೆಂದು ಕೇಳಿದಾಗ ಅವುಗಳಿಗೆ ಉಳಿದ ದೇವತೆಗಳ ಪಾಲಿನಲ್ಲೇ ಪಾಲು ಸಿಗುತ್ತದೆ. ಉಪನಿಷತ್ತಿನ ಋಷಿಗೆ ಅಪೊಪ್ಟೋಸಿಸ್ ಗೊತ್ತಿತ್ತೆಂದು ಇದರಿಂದ ಹೇಳುವುದು ಅಪಚಾರ. ಸಾವನ್ನು ದೇಹದ ಹೊರಗೆ ಕಾಯುತ್ತಿರುವ ಶತ್ರುವೆಂದು ಬಗೆಯದೆ ಜೀವಂತ ದೇಹದ ಕೆಲಸಗಾರರಲ್ಲೊಬ್ಬನೆಂದು ಕಂಡ ಧೈರ್ಯವೇ ಆ ಕಥೆಯ ಹಿರಿಮೆ, ಅದಕ್ಕೆ ಸೂಕ್ಷ್ಮದರ್ಶಕದ ಸಾಕ್ಷಿ ಬೇಕಾಗಿಲ್ಲ.

ಈ ಎಚ್ಚರ ಹರಿಕಥಾಮೃತಸಾರದ ವಿಷಯದಲ್ಲಂತೂ ಬಹಳ ಬೇಕು. ಅದರ ಶ್ವಾಸಸಂಧಿ ಪ್ರತಿಯೊಬ್ಬ ಜೀವನಲ್ಲೂ ವಾಯುದೇವರು ಹಗಲಿರುಳು ಸೇರಿ 21,600 ಹಂಸಮಂತ್ರಗಳನ್ನು ಉಸಿರಾಗಿ ಜಪಿಸುತ್ತಾರೆಂಬ ಸಂಪ್ರದಾಯದ ಲೆಕ್ಕವನ್ನು ವಿವರಿಸುತ್ತದೆ. ಅದು ನಿಮಿಷಕ್ಕೆ 15 ಉಸಿರು, ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ವೈದ್ಯರು ಎಣಿಸುವ 12ರಿಂದ 20ರ ನಡುವೆಯೇ ಬೀಳುತ್ತದೆ. ಭೋಜನ ರಸವಿಭಾಗ ಸಂಧಿ ತಟ್ಟೆಯ ಮೇಲಿನ ಒಂದೊಂದು ಪದಾರ್ಥದಲ್ಲೂ ಒಬ್ಬೊಬ್ಬ ಅಭಿಮಾನಿ ದೇವತೆಯನ್ನೂ ಹರಿಯ ಒಂದೊಂದು ರೂಪವನ್ನೂ ನೆನೆಸುತ್ತದೆ. ನಾಡಿಪ್ರಕರಣ ಸಂಧಿ 72,000 ನಾಡಿಗಳನ್ನು ಹರಿಯ ರೂಪಗಳಿಂದ ತುಂಬುತ್ತದೆ. ಉಸಿರಿನ ಲೆಕ್ಕ ಹೊಂದಿತೆಂದು ನಾಡಿಗಳನ್ನು ನರಗಳೆಂದೂ ದೇವತೆಗಳನ್ನು ಕಿಣ್ವಗಳೆಂದೂ ಸಮೀಕರಿಸುವ ಬರಹಗಳು ಈಗ ಹೇರಳವಾಗಿವೆ, ಏಕಾದಶಿಯ ಉಪವಾಸಕ್ಕೆ 2016ರ ನೊಬೆಲ್ ಪ್ರಶಸ್ತಿ ಪಡೆದ ಕೋಶಸ್ವಭಕ್ಷಣೆಯ ಸಂಶೋಧನೆಯೇ ಪ್ರಮಾಣವೆನ್ನುವವರೂ ಇದ್ದಾರೆ. ಇದರಿಂದ ವಿಜ್ಞಾನಕ್ಕೆ ಏನೂ ಲಾಭವಿಲ್ಲ, ಭಕ್ತಿಗೆ ಮಾತ್ರ ದೊಡ್ಡ ನಷ್ಟವಿದೆ. ಏಕೆಂದರೆ ನಾಳೆ ವಿಜ್ಞಾನದ ಲೆಕ್ಕ ಬದಲಾದರೆ ಏಕಾದಶಿಯೂ ಅದರೊಡನೆ ಬೀಳಬೇಕಾಗುತ್ತದೆ. ರಾಘವೇಂದ್ರಸ್ವಾಮಿಗಳು ಬೃಂದಾವನಸ್ಥರಾಗುವುದಕ್ಕೆ ಆರು ವರ್ಷ ಮೊದಲು, 1665ರಲ್ಲಿ, ಯುರೋಪಿನಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಚೂರಿನಲ್ಲಿ ಕೋಶದ ಗೋಡೆಗಳನ್ನು ಕಂಡು ಪ್ರಕಟಿಸಿದನು. ಅವರು ಬೃಂದಾವನಸ್ಥರಾದ ಮೂರು ವರ್ಷದ ನಂತರ, 1674ರಲ್ಲಿ, ಲೇವನ್‌ಹುಕ್ ಕೆಂಪು ರಕ್ತಕಣಗಳನ್ನು ವರ್ಣಿಸಿದನು. ಎರಡು ಕಡೆಯೂ ಅದೇ ಕಾಲದಲ್ಲಿ ದೇಹವನ್ನು ನೋಡುತ್ತಿದ್ದರು. ಅಲ್ಲಿ ಕೇಳಿದ್ದು ದೇಹ ಯಾವುದರಿಂದ ಆಗಿದೆ ಎಂದು, ಇಲ್ಲಿ ಕೇಳಿದ್ದು ಅದರ ಕೆಲಸ ಯಾರಿಗೆ ಸಲ್ಲಬೇಕು ಎಂದು. ಒಂದರ ಉತ್ತರದಿಂದ ಇನ್ನೊಂದನ್ನು ತೀರ್ಮಾನಿಸಲಾಗದು.

ಆದರೂ ಇವೆರಡು ಎದುರುಬದುರಾಗುವ ಒಂದು ಜಾಗವಿದೆ, ಅದನ್ನು ಮರೆಮಾಚಬಾರದು. ಪ್ರಶ್ನೋಪನಿಷತ್ತು, ಚಕ್ರವರ್ತಿಯೊಬ್ಬನು ಈ ಈ ಗ್ರಾಮಗಳನ್ನು ನೋಡಿಕೊಳ್ಳಿರೆಂದು ಅಧಿಕಾರಿಗಳನ್ನು ನೇಮಿಸುವಂತೆ ಮುಖ್ಯಪ್ರಾಣನು ಉಳಿದ ಪ್ರಾಣಗಳನ್ನು ಅವುಗಳ ಸ್ಥಾನಗಳಲ್ಲಿ ನೇಮಿಸುತ್ತಾನೆ ಎನ್ನುತ್ತದೆ. ಜೀವವಿಜ್ಞಾನ ಹುಡುಕಿದಲ್ಲೆಲ್ಲ ಅಧಿಕಾರಿಗಳು ಸಿಕ್ಕಿದ್ದಾರೆ, ಚಕ್ರವರ್ತಿ ಸಿಕ್ಕಿಲ್ಲ. ಹೃದಯದ ಸ್ನಾಯುಕೋಶಗಳನ್ನು ಬಿಡಿಸಿ ಪ್ರಯೋಗಶಾಲೆಯ ತಟ್ಟೆಯಲ್ಲಿಟ್ಟರೂ ಅವು ತಾವಾಗಿ ಮಿಡಿಯುತ್ತವೆ. ಮಿದುಳಿನಲ್ಲಿ ಸುಮಾರು 20,000 ನರಕೋಶಗಳ ಒಂದು ಗುಂಪು ಹಗಲಿರುಳುಗಳ ಗಡಿಯಾರವಾಗಿ ಕೆಲಸ ಮಾಡುತ್ತದೆಂಬುದು ನಿಜ, ಆದರೆ ಯಕೃತ್ತಿನ ಕೋಶಗಳಿಗೂ ತಮ್ಮವೇ ಗಡಿಯಾರಗಳಿದ್ದು, ಅವು ಸೂರ್ಯನಿಗಿಂತ ಊಟದ ಹೊತ್ತಿಗೆ ಹೆಚ್ಚು ಕಿವಿಗೊಡುತ್ತವೆ. 19ನೆಯ ಶತಮಾನದಲ್ಲೇ ಜರ್ಮನಿಯ ವಿಜ್ಞಾನಿ ವಿರ್ಕೋ ದೇಹವನ್ನು ಸಮಾನ ಪ್ರಜೆಗಳ ರಾಜ್ಯವೆಂದು ಕಂಡಿದ್ದನು. ದ್ವೈತದ ಉತ್ತರ ಇಲ್ಲಿ ಹೀಗಿರಬಲ್ಲದು: ಮುಖ್ಯಪ್ರಾಣನು ಕೋಶಗಳ ಸಾಲಿನಲ್ಲಿ ಮೇಲಿನ ಕೋಶವಲ್ಲ, ಆದ್ದರಿಂದ ಆ ಸಾಲಿನಲ್ಲಿ ಅವನನ್ನು ಕಾಣದಿರುವುದು ಅವನಿಲ್ಲವೆಂಬುದಕ್ಕೆ ಸಾಧಕವಾಗದು. ಉತ್ತರ ತರ್ಕಬದ್ಧವಾಗಿದೆ. ಆದರೆ ಅದನ್ನು ಒಪ್ಪುವವರು, ಪ್ರಾಣನ ಇರವನ್ನು ಕೋಶಗಳಿಂದ ಸಾಧಿಸುವ ಹಕ್ಕನ್ನೂ ಅದೇ ಉಸಿರಿನಲ್ಲಿ ಬಿಟ್ಟುಕೊಡುತ್ತಾರೆ. ಅವರಿಗೆ ಉಳಿಯುವ ಪ್ರಮಾಣ ಶ್ರುತಿ ಮತ್ತು ಅನುಭವ. ಮಧ್ವಪರಂಪರೆಯ ಹಿರಿಯರು ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚನ್ನು ಬೇಡಿಯೂ ಇರಲಿಲ್ಲ.

ಇನ್ನೂ ಕಠಿಣವಾದದ್ದು ರೋಗದ ಪ್ರಶ್ನೆ. ಸಾಯಬೇಕಾದ ಕೋಶ ಸಾಯಲೊಪ್ಪದೆ ಬೆಳೆಯುತ್ತ ಹೋದರೆ ಅದು ಕ್ಯಾನ್ಸರ್. ಕಾವಲಿನ ಬಿಳಿ ಕಣಗಳು ಸ್ವಂತ ದೇಹದ ಇನ್ಸುಲಿನ್ ತಯಾರಿಸುವ ಕೋಶಗಳನ್ನೇ ಪರಕೀಯವೆಂದು ಕೊಂದರೆ ಮಕ್ಕಳಿಗೂ ಬರುವ ಮಧುಮೇಹ. ಪ್ರತಿ ಕರಣದಲ್ಲೂ ದೇವತೆಯಿದ್ದರೆ ಈ ತಪ್ಪು ಯಾರದು? ಛಾಂದೋಗ್ಯ ಮತ್ತು ಬೃಹದಾರಣ್ಯಕಗಳಲ್ಲಿ ಅಸುರರು ಮಾತು, ಮೂಗು, ಕಣ್ಣು, ಕಿವಿ, ಮನಸ್ಸುಗಳನ್ನು ಒಂದೊಂದಾಗಿ ಪಾಪದಿಂದ ಚುಚ್ಚುತ್ತಾರೆ. ಮುಖ್ಯಪ್ರಾಣನನ್ನು ಚುಚ್ಚಹೋದಾಗ ತಾವೇ ಪುಡಿಯಾಗುತ್ತಾರೆ. ಕರಣಗಳು ಕೆಡಬಲ್ಲವು ಎಂಬುದನ್ನು ಸಂಪ್ರದಾಯ ಹೀಗೆ ಮೊದಲಿನಿಂದಲೂ ಒಪ್ಪಿದೆ. ಆದರೆ ಕಥೆಯಿಂದ ಕೆಳಗಿಳಿದು, ಹಾಸಿಗೆ ಹಿಡಿದವರ ಮುಂದೆ ನಿಂತು ಇದು ನಿಮ್ಮ ಪ್ರಾರಬ್ಧ ಎನ್ನುವುದು ಕ್ರೌರ್ಯ. ಜಗನ್ನಾಥದಾಸರ ಜೀವನಕಥೆಯನ್ನೇ ಇಲ್ಲಿ ನೆನೆಯಬಹುದು. ಶ್ರೀನಿವಾಸಾಚಾರ್ಯರೆಂಬ ಹೆಸರಿನ ಪಂಡಿತರಾಗಿದ್ದಾಗ ಅವರು ವಿಜಯದಾಸರನ್ನು ಕಡೆಗಣಿಸಿ ಉದರರೋಗಕ್ಕೆ ತುತ್ತಾದರೆಂದೂ, ವಿಜಯದಾಸರ ಮಾತಿನಂತೆ ಅವರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಶ್ರೀನಿವಾಸಾಚಾರ್ಯರಿಗೆ ಧಾರೆಯೆರೆದರೆಂದೂ ಸಂಪ್ರದಾಯ ಹೇಳುತ್ತದೆ. ಈ ಕಥೆಯ ಮೊದಲರ್ಧವನ್ನು ಮಾತ್ರ ಹಿಡಿದು ರೋಗಿಯಲ್ಲಿ ಅಪರಾಧ ಹುಡುಕುವವರು ಎರಡನೆಯ ಅರ್ಧವನ್ನು ಓದುವುದಿಲ್ಲ. ರೋಗಿ ತನ್ನ ತಪ್ಪನ್ನು ತಾನೇ ಕಂಡುಕೊಂಡಿರಬಹುದು; ಅವನು ಆಶ್ರಯಿಸಿದ ಗೋಪಾಲದಾಸರ ಕೈಯಲ್ಲಿ ಇದ್ದದ್ದು ತೀರ್ಪಲ್ಲ, ತಮ್ಮದೇ ಆಯುಷ್ಯ.

ಒಬ್ಬರ ಬಾಳಿನ ಪಾಲು ಇನ್ನೊಬ್ಬರಿಗೆ ಸಲ್ಲುವುದು ಇಂದು ಬೇರೊಂದು ಬಗೆಯಲ್ಲಿ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. 1990ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಡೊನಾಲ್ ಥಾಮಸ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ದುಡಿದು ನೆಲೆಗೊಳಿಸಿದ ಮಜ್ಜೆಯ ಕಸಿಯಲ್ಲಿ, ದಾನಿಯ ಮೂಳೆಯಿಂದ ತೆಗೆದ ಮೂಲಕೋಶಗಳನ್ನು ರೋಗಿಯ ರಕ್ತನಾಳಕ್ಕೆ ಹರಿಸಿದರೆ ಅವು ರಕ್ತದಲ್ಲಿ ಸಾಗಿ ಮೂಳೆಗಳೊಳಗಿನ ತಮ್ಮ ನೆಲೆಯನ್ನು ಸೇರಿಕೊಂಡು ವರ್ಷಗಟ್ಟಲೆ ರಕ್ತ ತಯಾರಿಸುತ್ತವೆ. ಪಡೆದವರ ನಾಳಗಳಲ್ಲಿ ಹರಿಯುವ ಬಿಳಿ ಕಣಗಳನ್ನು ಪರೀಕ್ಷಿಸಿದರೆ ಕಾಣುವುದು ಕೊಟ್ಟವರ ವಂಶವಾಹಿ. ಅಂಥ ರಕ್ತದ ಬಲದಿಂದ ಎದ್ದು ನಡೆದವರು ಹೊಲಕ್ಕೆ ಹೋಗಿ ದುಡಿದರೆ ಆ ದುಡಿಮೆಯ ಕರ್ತೃ ಯಾರೆಂಬ ಪ್ರಶ್ನೆಗೆ, ಕೋಶವೇ ತಾನೆಂದು ಬಗೆದವರು ಉತ್ತರಿಸಲು ತಡವರಿಸಬೇಕಾಗುತ್ತದೆ. ಕೋಶಗಳು ಮೊದಲಿನಿಂದಲೂ ಜೀವನ ಸ್ವತ್ತಾಗಿರಲಿಲ್ಲವೆಂದು ನಂಬಿದ ದಾಸರಿಗೆ ಈ ತೊಡಕಿಲ್ಲ: ದುಡಿದವರು ಪಡೆದವರೇ, ನಡೆಸಿದವನು ಹರಿಯೇ. ದಾನಿಗೆ ಸಲ್ಲಬೇಕಾದದ್ದು ಮಜ್ಜೆ ಮುಂದಿನ ವರ್ಷಗಳಲ್ಲಿ ತಯಾರಿಸುವ ರಕ್ತದ ಲೆಕ್ಕವಲ್ಲ. ಸೂಜಿಗೆ ಒಪ್ಪಿ ಮಲಗಿದ ಆ ಒಂದು ಹೊತ್ತಿನ ಇಚ್ಛೆ ಮಾತ್ರ ಅವರ ಕರ್ತೃತ್ವದ ಪಾಲು, ಆದರೆ ಆ ಪಾಲು ಪೂರ್ತಿಯಾಗಿ ಅವರದೇ.